ಮಾದಪ್ಪನ ಬೆಟ್ಟಕ್ಕೆ ಮೊದಲ ಯಾತ್ರೆ: ಒಂದು ಲೆಕ್ಕ

ಹನೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮಲೆ ಮಹದೇಶ್ವರ ಬೆಟ್ಟದ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿಯ ಜನ ದೇವರನ್ನು ಮಾದಪ್ಪನೆಂದು ಕರೆಯುವರು. ಬೆಟ್ಟಗಳ ಸಾಲನ್ನು ಎಪ್ಪತ್ತೇಳು ಮಲೆಯೆನ್ನುವರು. ಕಂಸಾಳೆಯವರು ಹಾಡುವ ಮಹದೇಶ್ವರನ ಕಾವ್ಯವನ್ನು ಕೇಳುತ್ತಲೇ ಅಲ್ಲಿಯ ಮಕ್ಕಳು ದೊಡ್ಡವರಾಗುವರು. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಜಾತ್ರೆ ಕೂಡುವುದು. ಸಾವಿರಾರು ಮಂದಿ ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಬೆಟ್ಟವೇರುವರು.

ಅಜ್ಜೀಪುರದ ಒಬ್ಬ ವಿದ್ಯಾರ್ಥಿ ಈ ಸಲದ ಶಿವರಾತ್ರಿಗೆ ತನ್ನ ಅಜ್ಜಿಯೊಡನೆ ಮೊದಲ ಬಾರಿಗೆ ನಡೆದು ಹೋಗಲಿರುವನೆಂದು ಇಟ್ಟುಕೊಳ್ಳೋಣ. ಹರಕೆ ಅಜ್ಜಿಯದು, ಅವರನ್ನು ಕ್ಷೇಮವಾಗಿ ಕರೆದೊಯ್ದು ಕರೆತರುವ ಹೊಣೆ ಮೊಮ್ಮಗನದು. ಇಬ್ಬರೂ ಬಸ್ಸಿನಲ್ಲಿ ತಾಳಬೆಟ್ಟದವರೆಗೆ ಬಂದು, ಅಲ್ಲಿಂದ ಮೇಲಕ್ಕೆ ಸುಮಾರು 18 ಕಿಲೋಮೀಟರ್ ದಾರಿಯನ್ನು ನಡೆಯುವರು. ಈ ಹುಡುಗ ಹೊರಡುವ ಮುನ್ನ ಏನೇನು ಸಿದ್ಧತೆ ಮಾಡಿಕೊಳ್ಳಬೇಕು? ಹಣ, ಬಟ್ಟೆ, ಪೂಜೆಯ ಸಾಮಗ್ರಿಗಳ ಪಟ್ಟಿಯನ್ನು ಮನೆಯ ಹಿರಿಯರೇ ಮಾಡಿಕೊಡುವರು. ಅವರ ಪಟ್ಟಿಯಲ್ಲಿಲ್ಲದ ಮೂರು ಲೆಕ್ಕಗಳುಂಟು: ಏರಿಕೆಯ ಲೆಕ್ಕ, ನೀರಿನ ಲೆಕ್ಕ, ವೇಳೆಯ ಲೆಕ್ಕ. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಓದಿದವರೆಲ್ಲ ಇವನ್ನು ಮಾಡಬಲ್ಲರು.

ಏರಿಕೆಯನ್ನು ಅಳೆಯುವ ಬಗೆ

ಬಯಲುಸೀಮೆಯವರು ದಾರಿಯನ್ನು ದೂರದಿಂದ ಅಳೆಯುವರು. ಬೆಟ್ಟದ ದಾರಿಗೆ ಈ ಒಂದು ಅಳತೆ ಸಾಲದು. ಎಷ್ಟು ದೂರ ನಡೆದೆವೆಂಬುದರ ಜೊತೆಗೆ ಎಷ್ಟು ಮೀಟರ್ ಮೇಲಕ್ಕೇರಿದೆವೆಂಬುದನ್ನೂ ತಿಳಿಯಬೇಕು.

ಮಹದೇಶ್ವರನ ದೇವಾಲಯವು ಸಮುದ್ರಮಟ್ಟದಿಂದ ಸುಮಾರು 3,000 ಅಡಿ, ಎಂದರೆ 900 ಮೀಟರಿನಷ್ಟು ಎತ್ತರದಲ್ಲಿದೆ. ಆದರೆ ಈ ಎತ್ತರವೆಲ್ಲವನ್ನೂ ನಾವು ಏರಬೇಕಾಗಿಲ್ಲ; ತಾಳಬೆಟ್ಟವೇ ಸಮುದ್ರಮಟ್ಟದಿಂದ ಬಹಳ ಮೇಲಿದೆ. ಇನ್ನೊಂದು ಕಡೆ, ಮಲೆಯ ದಾರಿ ಒಂದೇ ಸಮನೆ ಏರುವುದಿಲ್ಲ. ಒಂದು ಗುಡ್ಡವನ್ನು ಹತ್ತಿ, ಸ್ವಲ್ಪ ಇಳಿದು, ಮತ್ತೊಂದನ್ನು ಹತ್ತುವುದು. ಇಳಿದಷ್ಟನ್ನೂ ಮತ್ತೆ ಏರಬೇಕಾದುದರಿಂದ, ಕಾಲಿಗೆ ಬೀಳುವ ಒಟ್ಟು ಏರಿಕೆಯು ಎರಡು ತುದಿಗಳ ಎತ್ತರಗಳ ವ್ಯತ್ಯಾಸಕ್ಕಿಂತ ಹೆಚ್ಚಾಗಿರುವುದು.

ಇದನ್ನು ತಿಳಿಯಲು ಎರಡು ಮಾರ್ಗಗಳಿವೆ. ಮೊದಲನೆಯದು ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆ. ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವ ರೇಖೆಗಳನ್ನು ಅದರಲ್ಲಿ ಎಳೆದಿರುವರು. ದಾರಿಯು ಮೇಲ್ಮುಖವಾಗಿ ದಾಟುವ ರೇಖೆಗಳನ್ನು ಎಣಿಸಿ, ರೇಖೆ ರೇಖೆಗಳ ನಡುವಣ ಎತ್ತರದಿಂದ ಗುಣಿಸಿದರೆ ಒಟ್ಟು ಏರಿಕೆ ದೊರೆಯುವುದು.

ಎರಡನೆಯದು ವಾಯುಭಾರಮಾಪಕ. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನಲ್ಲಿ ಫ್ಲೋರಾಂ ಪೆರಿಯೇ ಎಂಬವನು ತನ್ನ ಭಾವಮೈದುನ ಪಾಸ್ಕಲನ ಸೂಚನೆಯಂತೆ ಪಾದರಸದ ಕೊಳವೆಯನ್ನು ಹೊತ್ತು ಪ್ವಿ ದ ದೋಮ್ ಎಂಬ ಬೆಟ್ಟವನ್ನು ಏರಿದನು. ಸುಮಾರು 1,000 ಮೀಟರ್ ಏರುವಷ್ಟರಲ್ಲಿ ಪಾದರಸವು ಮೂರು ಅಂಗುಲಕ್ಕೂ ಸ್ವಲ್ಪ ಹೆಚ್ಚಾಗಿ ಇಳಿದಿತ್ತು. ಮೇಲಕ್ಕೆ ಹೋದಂತೆ ನಮ್ಮ ಮೇಲಿರುವ ಗಾಳಿಯ ಹೊರೆ ಕಡಿಮೆಯಾಗುವುದೆಂಬುದು ಅಂದು ಸಿದ್ಧವಾಯಿತು. ಇಂದು ಅನೇಕ ಮೊಬೈಲ್ ಫೋನುಗಳಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ಒತ್ತಡಮಾಪಕವಿರುವುದು. ನಮ್ಮ ಬೆಟ್ಟಗಳ ಎತ್ತರದಲ್ಲಿ ಪ್ರತಿ 100 ಮೀಟರ್ ಏರಿಕೆಗೂ ಒತ್ತಡವು ಸುಮಾರು 11 ಹೆಕ್ಟೊಪಾಸ್ಕಲಿನಷ್ಟು, ಎಂದರೆ ಪಾದರಸದ 8 ಮಿಲಿಮೀಟರಿನಷ್ಟು, ಇಳಿಯುವುದು. ಮೊದಲು ಬಸ್ಸಿನಲ್ಲೊಮ್ಮೆ ಹೋಗಿ ಬಂದು, ಪ್ರತಿಯೊಂದು ಏರಿನ ಬುಡದಲ್ಲಿಯೂ ತಲೆಯಲ್ಲಿಯೂ ಒತ್ತಡವನ್ನು ಗುರುತು ಹಾಕಿಕೊಂಡರೆ ದಾರಿಯ ಏರಿಳಿತವೆಲ್ಲ ಕಾಗದದ ಮೇಲೆ ಮೂಡುವುದು.

ಮುಂದಿನ ಲೆಕ್ಕಗಳಿಗಾಗಿ ಒಟ್ಟು ಏರಿಕೆ 600 ಮೀಟರ್ ಎಂದು ಇಟ್ಟುಕೊಳ್ಳೋಣ. ನೀವು ಅಳೆದಾಗ ಬೇರೆ ಸಂಖ್ಯೆ ಬಂದರೆ ಅದನ್ನು ಉಪಯೋಗಿಸಿರಿ, ರೀತಿ ಒಂದೇ.

ದೇಹವೆಂಬ ಯಂತ್ರ

ಅಜ್ಜಿಯ ತೂಕ 50 ಕಿಲೋಗ್ರಾಂ, ಅವರ ಕೈಯ ಗಂಟು 5 ಕಿಲೋಗ್ರಾಂ ಇರಲಿ. ಈ 55 ಕಿಲೋಗ್ರಾಂ ಭಾರವನ್ನು 600 ಮೀಟರ್ ಮೇಲಕ್ಕೆತ್ತಲು ಮಾಡಬೇಕಾದ ಕಾರ್ಯವು 55 × 9.8 × 600, ಎಂದರೆ ಸುಮಾರು 3,23,000 ಜೂಲ್. ಕಿಲೋಕ್ಯಾಲೊರಿಗಳಲ್ಲಿ ಹೇಳುವುದಾದರೆ ಕೇವಲ 77.

ಇಷ್ಟೇ ಆಗಿದ್ದರೆ ಒಂದು ಬಾಳೆಯಹಣ್ಣನ್ನು ತಿಂದು ಬೆಟ್ಟವೇರಬಹುದಾಗಿತ್ತು! ಆದರೆ ನಮ್ಮ ಸ್ನಾಯುಗಳು ದಕ್ಷವಾದ ಯಂತ್ರಗಳಲ್ಲ. ಆಹಾರದಿಂದ ಬಂದ ಐದು ಪಾಲು ಶಕ್ತಿಯಲ್ಲಿ ಹೆಚ್ಚು ಕಡಿಮೆ ಒಂದು ಪಾಲು ಮಾತ್ರ ಭಾರವನ್ನೆತ್ತುವ ಕಾರ್ಯಕ್ಕೆ ಒದಗುವುದು. ಉಳಿದ ನಾಲ್ಕು ಪಾಲು ಶಾಖವಾಗಿ ದೇಹದಲ್ಲಿಯೇ ನಿಲ್ಲುವುದು. ಆದ್ದರಿಂದ ಏರಿಕೆಗೆ ಬೇಕಾಗುವ ಶಕ್ತಿ 385 ಕಿಲೋಕ್ಯಾಲೊರಿ. ಅದರಲ್ಲಿ ಶಾಖವಾಗುವುದು 308.

ಇದರ ಜೊತೆಗೆ 18 ಕಿಲೋಮೀಟರ್ ಮುಂದಕ್ಕೆ ನಡೆಯುವ ಖರ್ಚು ಉಂಟು. ಒಂದು ಕಿಲೋಗ್ರಾಂ ಭಾರವನ್ನು ಒಂದು ಕಿಲೋಮೀಟರ್ ದೂರ ನಡೆಸಲು ಸುಮಾರು ಅರ್ಧ ಕಿಲೋಕ್ಯಾಲೊರಿ ಬೇಕೆಂದು ಹಿಡಿದರೆ ಇದು 495 ಆಗುವುದು. ಸುಮ್ಮನೆ ಬದುಕಿರುವುದಕ್ಕೆ, ಎಂದರೆ ಹೃದಯದ ಬಡಿತ, ಉಸಿರಾಟ ಮೊದಲಾದವಕ್ಕೆ, ಏಳು ಗಂಟೆಗಳಲ್ಲಿ ಸುಮಾರು 450. ಇವೆರಡೂ ಕೊನೆಗೆ ಶಾಖವೇ ಆಗುವುವು. ಒಟ್ಟು ಖರ್ಚು ಸುಮಾರು 1,330 ಕಿಲೋಕ್ಯಾಲೊರಿ. ಹುಟ್ಟುವ ಶಾಖ ಸುಮಾರು 1,250.

ಮೊದಲನೆಯ ಸಂಖ್ಯೆ ಬುತ್ತಿಯ ಲೆಕ್ಕವನ್ನು ತಿಳಿಸುವುದು. ಅಷ್ಟು ಶಕ್ತಿ 400 ಗ್ರಾಂ ರಾಗಿಹಿಟ್ಟಿನಲ್ಲಿ ಉಂಟು. ಹಿಂದಿನ ರಾತ್ರಿಯ ಊಟವೂ ದಾರಿಯ ಬುತ್ತಿಯೂ ಸೇರಿ ಇದನ್ನು ಸುಲಭವಾಗಿ ಒದಗಿಸುವುವು. ಈ ಯಾತ್ರೆಯಲ್ಲಿ ಆಹಾರದ ಕೊರತೆಯಿಂದ ಅಪಾಯವಿಲ್ಲ. ಅಪಾಯವಿರುವುದು ಎರಡನೆಯ ಸಂಖ್ಯೆಯಲ್ಲಿ.

ಶಾಖವು ಹೊರಹೋಗುವ ದಾರಿ

1,250 ಕಿಲೋಕ್ಯಾಲೊರಿ ಶಾಖವು ಏಳು ಗಂಟೆಗಳಲ್ಲಿ ಹುಟ್ಟಿದರೆ ಗಂಟೆಗೆ ಸುಮಾರು 180 ಆಯಿತು. ಒಂದು ಕಿಲೋಗ್ರಾಂ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 0.83 ಕಿಲೋಕ್ಯಾಲೊರಿ ಸಾಕು. 50 ಕಿಲೋಗ್ರಾಂ ದೇಹಕ್ಕೆ ಸುಮಾರು 42. ಹಾಗಾದರೆ, ಹುಟ್ಟಿದ ಶಾಖವು ಹೊರಗೆ ಹೋಗದೆ ಉಳಿದಲ್ಲಿ ಒಂದೇ ಗಂಟೆಯಲ್ಲಿ ಅಜ್ಜಿಯ ದೇಹದ ಉಷ್ಣತೆ 4 ಡಿಗ್ರಿ ಏರಿ 37ರಿಂದ 41ಕ್ಕೆ ಹೋಗುವುದು! ಮನುಷ್ಯನ ಪ್ರಾಣಕ್ಕೆ ಇದು ಅಪಾಯದ ಎಲ್ಲೆ. ಹಾಗಾಗದಂತೆ ನಮ್ಮನ್ನು ಕಾಯುವುದು ಯಾವುದು?

ತಂಪಾದ ಹೊತ್ತಿನಲ್ಲಿ ಚರ್ಮಕ್ಕಿಂತ ಸುತ್ತಣ ಗಾಳಿ ತಣ್ಣಗಿರುವುದರಿಂದ ಶಾಖವು ತಾನಾಗಿಯೇ ಹೊರಕ್ಕೆ ಹರಿಯುವುದು. ಆದರೆ ಗಾಳಿಯ ಉಷ್ಣತೆ 35 ಡಿಗ್ರಿಯನ್ನು ಮುಟ್ಟಿದಾಗ ಚರ್ಮಕ್ಕೂ ಗಾಳಿಗೂ ವ್ಯತ್ಯಾಸವಿಲ್ಲದೆ ಆ ದಾರಿ ಮುಚ್ಚಿಹೋಗುವುದು. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾಗಬೇಕಾದರೆ ಸುಮಾರು 580 ಕಿಲೋಕ್ಯಾಲೊರಿ ಗುಪ್ತೋಷ್ಣವನ್ನು ದೇಹದಿಂದ ಸೆಳೆದುಕೊಳ್ಳುವುದು. 1,250ನ್ನು 580ರಿಂದ ಭಾಗಿಸಿದರೆ 2.2 ಲೀಟರ್ ಬರುವುದು. ಒಂದು ಎಚ್ಚರಿಕೆ: ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಪ್ರಯೋಜನವಿಲ್ಲ. ಮೈಮೇಲೆಯೇ ಆರಿದ ಬೆವರು ಮಾತ್ರ ತಂಪು ಮಾಡುವುದು. ಸಡಿಲವಾದ ತೆಳು ಹತ್ತಿಯ ಬಟ್ಟೆ ಒಳ್ಳೆಯದೆನ್ನುವುದು ಇದಕ್ಕಾಗಿಯೇ.

ಬಿಸಿಲಿನ ಪಾಲನ್ನು ನಾವು ಇನ್ನೂ ಸೇರಿಸಿಲ್ಲ. ನಡುಹಗಲಿನ ಸೂರ್ಯನು ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಶಕ್ತಿಯನ್ನು ಸುರಿಸುವನು. ನಡೆಯುವವನ ಮೈಮೇಲೆ ನೇರವಾಗಿ ಬೀಳುವ ಬಿಸಿಲಿನಲ್ಲಿ 150 ವಾಟಿನಷ್ಟು ಒಳಗೆ ಇಂಗಿದರೂ ಗಂಟೆಗೆ 130 ಕಿಲೋಕ್ಯಾಲೊರಿ ಆಗುವುದು. ಅದನ್ನು ಹೊರಹಾಕಲು ಗಂಟೆಗೆ ಇನ್ನೂ ಕಾಲು ಲೀಟರಿಗೆ ಸಮೀಪದಷ್ಟು ಬೆವರು ಬೇಕು. ಇದರಿಂದ ಒಂದು ಸ್ವಾರಸ್ಯವಾದ ಫಲಿತಾಂಶ ದೊರೆಯುವುದು. ನಾಲ್ಕು ಗಂಟೆಗಳ ಬಿಸಿಲಿನಲ್ಲಿ ಕೊಡೆ ಹಿಡಿದು ನಡೆದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಉಳಿಯುವುದು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಕೊಡೆಯ ತೂಕ ಅದರ ಅರ್ಧಕ್ಕಿಂತಲೂ ಕಡಿಮೆ.

ಕಾಡಿನ ದಾರಿಯಲ್ಲಿ ಮರಗಳ ನೆರಳಿಲ್ಲವೇ ಎಂದು ಕೇಳಬಹುದು. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಕಾಡಿನ ಬಹುಭಾಗ ಎಲೆಯುದುರುವ ಒಣಕಾಡು. ಶಿವರಾತ್ರಿಯ ಹೊತ್ತಿಗೆ ಮರಗಳು ಬರಿದಾಗಿರುವುವು. ಯುಗಾದಿಯ ಹೊತ್ತಿಗೆ ಬಿಸಿಲು ಇನ್ನೂ ತೀವ್ರವಾಗುವುದು. 12 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ಏಪ್ರಿಲ್ 20ರ ಸುಮಾರಿಗೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುವನು. ಬೆಟ್ಟದ ಮೇಲೆ ಗಾಳಿ ತಂಪಾಗಿರುವುದು ನಿಜ. ಆದರೆ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ, 600 ಮೀಟರ್ ಏರಿಕೆಗೆ ದೊರೆಯುವ ತಂಪು ನಾಲ್ಕು ಡಿಗ್ರಿ ಮಾತ್ರ. ಅದೂ ಏರಿ ಮುಗಿದ ಮೇಲೆ.

ಇವೆಲ್ಲವನ್ನೂ ಕೂಡಿಸಿದರೆ, ಅಜ್ಜಿಗೆ ಆ ದಿನ ಮೂರು ಲೀಟರಿನಷ್ಟು ನೀರು ಬೇಕಾಗುವುದು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಬಹಳವಾಗಿ ಕುಡಿಯುವುದೂ ಸರಿಯಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಇಲ್ಲವೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಚಹಾಚಮಚ ಸಕ್ಕರೆಯನ್ನೂ ಅರ್ಧ ಚಹಾಚಮಚ ಉಪ್ಪನ್ನೂ ಕಲಸಿ ಇಟ್ಟುಕೊಳ್ಳಬಹುದು. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಮಂದವಾಗುವುದೆಂಬುದನ್ನು ಮೊಮ್ಮಗನು ಮರೆಯಬಾರದು. ಅವರು ಕೇಳುವವರೆಗೆ ಕಾಯದೆ, ನಿಂತಲ್ಲೆಲ್ಲ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಹೃದಯದ ಬೇನೆ, ರಕ್ತದೊತ್ತಡ, ಮಧುಮೇಹಗಳಿಗೆ ಔಷಧ ತೆಗೆದುಕೊಳ್ಳುವವರು ನಡಿಗೆಯ ವಿಷಯವನ್ನೂ ನೀರು, ಉಪ್ಪು, ಸಕ್ಕರೆಗಳ ಪ್ರಮಾಣವನ್ನೂ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳತಕ್ಕದ್ದು.

ದಾರಿಯಲ್ಲಿ ಮಾತು ತೊದಲಿದರೆ, ದಿಕ್ಕು ತೋಚದಂತಾದರೆ, ಮೈ ಕಾದು ನಡಿಗೆ ತೂರಾಡಿದರೆ ಅದು ಬರಿಯ ಆಯಾಸವಲ್ಲ; ಬಿಸಿಲಿನ ಆಘಾತ. ಕೂಡಲೇ ನೆರಳಿಗೆ ಕರೆದೊಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ, ಆಸ್ಪತ್ರೆಗೆ ಸಾಗಿಸಬೇಕು. ನೀರನ್ನು ಸುರಿದು ಬೀಸುವುದೇಕೆಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುವುದು. ದೇಹ ಸುರಿಸಲಾರದ ಬೆವರನ್ನು ನಾವು ಹೊರಗಿನಿಂದ ಒದಗಿಸಿದಂತಾಯಿತು.

ವೇಳೆಯ ಲೆಕ್ಕ

ಇನ್ನು ವೇಳೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿಯು ಒಂದು ಸರಳವಾದ ಸೂತ್ರವನ್ನು ಕೊಟ್ಟನು. ಮೂರು ಮೈಲಿ ನಡಿಗೆಗೆ ಒಂದು ಗಂಟೆ. ಅದಲ್ಲದೆ ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಇಂದಿನ ಅಳತೆಯಲ್ಲಿ, 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಒಂದು ಗಂಟೆ ಎನ್ನಬಹುದು. ನಮ್ಮ ದಾರಿಗೆ ಇದರ ಪ್ರಕಾರ 3.6 ಮತ್ತು 1, ಒಟ್ಟು 4.6 ಗಂಟೆ. ಇದು ಗಟ್ಟಿಮುಟ್ಟಾದ ತರುಣನ ನಡಿಗೆ.

ಅಜ್ಜಿಯ ನಡಿಗೆ ಎಷ್ಟು? ಊಹಿಸಬೇಡಿ, ಅಳೆಯಿರಿ. ಊರ ಹೊರಗೆ ಒಂದು ಕಿಲೋಮೀಟರ್ ಸಮತಟ್ಟು ದಾರಿಯನ್ನು ಅವರೊಡನೆ ನಡೆದು ಗಡಿಯಾರ ನೋಡಿರಿ. ನೈಸ್ಮಿತನ ತರುಣನು ಇದನ್ನು 12 ನಿಮಿಷಗಳಲ್ಲಿ ಮುಗಿಸುವನು. ಅಜ್ಜಿಗೆ 18 ನಿಮಿಷ ಹಿಡಿದರೆ ಅವರ ವೇಳೆ ಒಂದೂವರೆ ಪಟ್ಟು. ಬೆಟ್ಟಕ್ಕೆ 6 ಗಂಟೆ 55 ನಿಮಿಷ.

ಈಗ ದಿನಚರಿಯನ್ನು ಬರೆಯೋಣ. ಆನೆ ಚಿರತೆಗಳಿರುವ ಕಾಡಾದ ಕಾರಣ ಕತ್ತಲೆಯಲ್ಲಿ ನಡೆಯಬಾರದು. ಬೆಳಕು ಹರಿದಾಗ, 6.30ಕ್ಕೆ ಹೊರಡುವುದು. 50 ನಿಮಿಷ ನಡೆದು 10 ನಿಮಿಷ ಕೂರುವುದು. ಬಿಸಿಲೇರುವ 10.30ಕ್ಕೆ ನೆರಳಿರುವೆಡೆ ತಂಗಿ, 3.15ಕ್ಕೆ ಮತ್ತೆ ಹೊರಡುವುದು. ಬೆಳಗಿನ ನಾಲ್ಕು ಗಂಟೆಗಳಲ್ಲಿ ನಡಿಗೆ 3 ಗಂಟೆ 20 ನಿಮಿಷ ಆಯಿತು. ಉಳಿದುದು 3 ಗಂಟೆ 35 ನಿಮಿಷ. ನಡುವೆ ನಾಲ್ಕು ಸಲ ಕುಳಿತರೆ 4 ಗಂಟೆ 15 ನಿಮಿಷ. ಬೆಟ್ಟವನ್ನು ಸೇರುವುದು ರಾತ್ರಿ 7.30ಕ್ಕೆ. ಆ ಕಾಲದಲ್ಲಿ ಸೂರ್ಯನು ಆರೂವರೆಯ ಹೊತ್ತಿಗೆ ಮುಳುಗುವನು.

ಲೆಕ್ಕ ಕೂಡಲಿಲ್ಲ. ಹೀಗೆ ಕೂಡದಿರುವುದನ್ನು ಮನೆಯಲ್ಲಿ ಕುಳಿತೇ ತಿಳಿದುಕೊಳ್ಳುವುದು ಈ ಲೆಕ್ಕದ ದೊಡ್ಡ ಉಪಯೋಗ. ತಿಳಿಯದೆ ಹೊರಟವರು ದಾರಿಯ ಮಧ್ಯದಲ್ಲಿ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಗುವುದು: ನಡುಹಗಲಿನ ಬಿಸಿಲಿನಲ್ಲಿ ಅವಸರದಿಂದ ಏರುವುದು, ಇಲ್ಲವೆ ಕತ್ತಲೆಯಲ್ಲಿ ಕಾಡನ್ನು ದಾಟುವುದು. ಅವಸರದಿಂದ ಏರಿದರೆ ಒಟ್ಟು ಕಾರ್ಯವೇನೂ ಬದಲಾಗದು. ಆದರೆ ಅದೇ ಶಾಖವು ಕಡಿಮೆ ವೇಳೆಯಲ್ಲಿ ಹುಟ್ಟುವುದರಿಂದ ಬೆವರು ಅದನ್ನು ಹೊರಹಾಕಲಾರದೆ ಸೋಲುವುದು. ಕತ್ತಲೆಯಂತೂ ಸಾಮಾನ್ಯವಾದುದಲ್ಲ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಯಂದು, ದೀಪಾವಳಿ ಅಮಾವಾಸ್ಯೆಗೆ, ಯುಗಾದಿ ಅದರ ಮರುದಿನ. ಮಾದಪ್ಪನ ಈ ಮೂರು ಜಾತ್ರೆಗಳೂ ಬೆಳದಿಂಗಳಿಲ್ಲದ ರಾತ್ರಿಗಳವು. ಟಾರ್ಚ್ ಒಂದನ್ನು ಗಂಟಿನಲ್ಲಿ ಇಟ್ಟುಕೊಂಡಿರಬೇಕು. ಅದನ್ನು ನೆಚ್ಚಿ ವೇಳಾಪಟ್ಟಿ ಮಾಡಬಾರದು.

ಹಾಗಾದರೆ ಹರಕೆ ಸಲ್ಲಿಸುವುದು ಹೇಗೆ? ಶಿವರಾತ್ರಿಗೆ ಎರಡು ತಿಂಗಳು ಮುಂಚಿನಿಂದಲೇ ಅಜ್ಜಿಯೂ ಮೊಮ್ಮಗನೂ ದಿನವೂ ನಡೆಯಲಿ. ಮೊದಲು ಸಮತಟ್ಟಿನಲ್ಲಿ, ಆಮೇಲೆ ಏರಿನಲ್ಲಿ. ಕೊನೆಯ ಎರಡು ವಾರ ಸ್ವಲ್ಪ ಬಿಸಿಲಿನಲ್ಲಿಯೂ ನಡೆದರೆ, ಹತ್ತು ಹದಿನಾಲ್ಕು ದಿನಗಳಲ್ಲಿ ದೇಹವು ಬೇಗನೆ ಬೆವರುವುದನ್ನು ರೂಢಿಸಿಕೊಳ್ಳುವುದು. ಅಜ್ಜಿಯ ಗಂಟನ್ನು ಮೊಮ್ಮಗನು ಹೊರಲಿ. ಅವರ ಭಾರದಲ್ಲಿ ಹನ್ನೊಂದರ ಒಂದು ಪಾಲು ಆಗಲೇ ಇಳಿಯಿತು. ಹೀಗೆ ಕಿಲೋಮೀಟರಿಗೆ 18 ನಿಮಿಷ ಹೋಗಿ 15 ಆದರೆ ಒಟ್ಟು ನಡಿಗೆ 5 ಗಂಟೆ 45 ನಿಮಿಷವಾಗುವುದು. ಬೆಳಗಿನ ಪಾಲನ್ನು ಕಳೆದರೆ ಉಳಿಯುವುದು 2 ಗಂಟೆ 25 ನಿಮಿಷ. 3.15ಕ್ಕೆ ಹೊರಟು, ನಡುನಡುವೆ ಕುಳಿತು, 6.10ರ ಒಳಗೆ ಬೆಟ್ಟ ಸೇರಬಹುದು. ಲೆಕ್ಕ ಕೂಡಿತು.

ಎರಡು ತಿಂಗಳ ಅಭ್ಯಾಸದ ನಂತರವೂ 18 ನಿಮಿಷವೇ ಹಿಡಿದರೆ ಅಜ್ಜಿ ಬಸ್ಸಿನಲ್ಲಿ ಬರಲಿ. ಮೊಮ್ಮಗನು ಜೊತೆಗಾರರೊಡನೆ ನಡೆದು ಬಂದು ದೇವಾಲಯದಲ್ಲಿ ಅವರನ್ನು ಕೂಡಿಕೊಳ್ಳಲಿ. ಮನೆಯಲ್ಲಿ ಈ ಮಾತನ್ನು ಮೊದಲೇ ಆಡಿ ತೀರ್ಮಾನಿಸಿದ್ದರೆ, ದಾರಿಯಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ತಂಗುವ ಎಡೆ, ನೀರು ಸಿಗುವ ಎಡೆ, ಅರಣ್ಯ ಇಲಾಖೆಯ ಆ ವರ್ಷದ ನಿಯಮಗಳು, ಇವನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಕಾಡಿನಲ್ಲಿ ಗುಂಪನ್ನು ಬಿಟ್ಟು ಅಗಲಬಾರದು.

ಹೊಳೆ ದಾಟಿ ಬರುವವರಿಗೆ

ಅಜ್ಜೀಪುರದವರಿಗೆ ಹೊಳೆಯ ಕಾಟವಿಲ್ಲ. ಆದರೆ ಕನಕಪುರ, ರಾಮನಗರ, ಬೆಂಗಳೂರುಗಳ ಕಡೆಯಿಂದ ಶಿವರಾತ್ರಿಗೆ ನಡೆದು ಬರುವ ಭಕ್ತರು ಕಾವೇರಿಯನ್ನು ದಾಟಿ ಬರುವುದುಂಟು. ಹರಿವ ನೀರು ಕಾಲನ್ನು ನೂಕುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುವುದು. ವೇಗ ಇಮ್ಮಡಿಯಾದರೆ ಬಲ ನಾಲ್ಕು ಮಡಿ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ಮೊಣಕಾಲಿನ ಮಟ್ಟದಲ್ಲಿ ಸುಮಾರು 6 ಕಿಲೋಗ್ರಾಂ ಭಾರದಷ್ಟು ನೂಕಿದರೆ, ಸೊಂಟದ ಮಟ್ಟದಲ್ಲಿ ಸುಮಾರು 15ರಷ್ಟು ನೂಕುವುದು. ಅದೇ ವೇಳೆ ನೀರು ದೇಹವನ್ನು ಮೇಲಕ್ಕೆತ್ತುವುದರಿಂದ ಪಾದದ ಮೇಲಿನ ಭಾರ ಅರ್ಧಕ್ಕಿಳಿದು, ಪಾಚಿಗಲ್ಲಿನ ಮೇಲಿನ ಘರ್ಷಣೆ 10 ಕಿಲೋಗ್ರಾಂ ಭಾರದಷ್ಟನ್ನೂ ತಡೆಯಲಾರದು. ಸೊಂಟ ಮುಟ್ಟುವ ನೀರಿನಲ್ಲಿ ಕಾಲು ಕಿತ್ತುಹೋಗುವುದು ಹೀಗೆ. ಮೇಲೆ ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳಿಂದ ನೀರು ಬಿಟ್ಟರೆ, ಅಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಹೊಳೆ ಏರಬಹುದು. ಅಧಿಕಾರಿಗಳು ದಾಟಬಾರದೆಂದ ದಿನ ದಾಟದಿರುವುದೇ ವಿವೇಕ.

ಇಳಿಯುವಾಗ

ದರ್ಶನ ಮುಗಿಸಿ ವಾಹನದಲ್ಲಿ ಇಳಿಯುವವರೂ ಒಂದು ಲೆಕ್ಕವನ್ನು ನೆನಪಿಡಲಿ. 1,000 ಕಿಲೋಗ್ರಾಂ ತೂಕದ ಕಾರು 600 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ, 17 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಸಾಕು. ಅಷ್ಟನ್ನೂ ಬ್ರೇಕಿನ ಮೇಲೆಯೇ ಹೊರಿಸಿದರೆ ಬ್ರೇಕು ಕಾದು ಹಿಡಿತ ತಪ್ಪುವುದು. ಏರುವಾಗ ಹಾಕಿದ ಕೆಳಗಿನ ಗೇರಿನಲ್ಲಿಯೇ ಇಳಿದರೆ ಎಂಜಿನ್ನು ಅದರಲ್ಲಿ ಒಂದು ಪಾಲನ್ನು ಹೊರುವುದು.

ಮುಂದೆ ಹಿಮಾಲಯಕ್ಕೆ

ಈ ಬೆಟ್ಟದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹತ್ತರಲ್ಲಿ ಒಂಬತ್ತು ಪಾಲು. ನೀರು 97 ಡಿಗ್ರಿಯಲ್ಲಿ ಕುದಿಯುವುದು. ಉಸಿರಾಟಕ್ಕೆ ಇದರಿಂದ ತೊಂದರೆಯಿಲ್ಲ. ಮುಂದೊಂದು ದಿನ ಕೇದಾರನಾಥಕ್ಕೆ ಹೋಗುವವರಿಗೆ ಲೆಕ್ಕ ತಲೆಕೆಳಗಾಗುವುದು. ಸುಮಾರು 3,580 ಮೀಟರ್ ಎತ್ತರದ ಆ ಸ್ಥಳದಲ್ಲಿ ಒತ್ತಡವು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ನೀರು 88 ಡಿಗ್ರಿಯಲ್ಲಿಯೇ ಕುದಿಯುವುದು. ಅಲ್ಲಿ ಶತ್ರು ಬಿಸಿಲಲ್ಲ, ಆಮ್ಲಜನಕದ ಅಭಾವ ಮತ್ತು ಚಳಿ. 3,000 ಮೀಟರನ್ನು ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಾಗಿ ಏರಿಸಬಾರದೆಂಬುದು ಪರ್ವತವೈದ್ಯರ ನಿಯಮ. ಬೆಟ್ಟ ಯಾವುದೇ ಇರಲಿ, ಅಳೆದು ಬರೆದು ಹೊರಡುವ ಅಭ್ಯಾಸವನ್ನು ಮನೆಯ ಹತ್ತಿರದ ಮಲೆಯಲ್ಲಿಯೇ ಕಲಿತುಕೊಂಡರೆ ದೂರದ ಗಿರಿಗಳಿಗೂ ಅದು ಒದಗುವುದು.

ಅಭ್ಯಾಸ

1. ಒಂದು ಏರಿನ ಬುಡದಲ್ಲಿ ಒತ್ತಡ 950, ತಲೆಯಲ್ಲಿ 906 ಹೆಕ್ಟೊಪಾಸ್ಕಲ್. ಎತ್ತರದ ವ್ಯತ್ಯಾಸವೆಷ್ಟು? (ಉತ್ತರ: ಸುಮಾರು 400 ಮೀಟರ್.) ನಡುವೆ 50 ಮೀಟರ್ ಇಳಿಜಾರು ಇದ್ದರೆ ಒಟ್ಟು ಏರಿಕೆಯೆಷ್ಟು?

2. ನಿಮ್ಮ ತೂಕಕ್ಕೆ ಶಾಖದ ಮತ್ತು ನೀರಿನ ಲೆಕ್ಕವನ್ನು ಮಾಡಿರಿ.

3. ನಿಮ್ಮ ಮನೆಯ ಅತ್ಯಂತ ಹಿರಿಯರು ಒಂದು ಕಿಲೋಮೀಟರನ್ನು ಎಷ್ಟು ನಿಮಿಷಗಳಲ್ಲಿ ನಡೆಯುವರೆಂದು ಅವರೊಡನೆ ನಡೆದು ಅಳೆಯಿರಿ. ಯಾತ್ರೆಯ ವೇಳಾಪಟ್ಟಿಯನ್ನು ಅವರ ನಡಿಗೆಗೆ ತಕ್ಕಂತೆ ಬರೆಯಿರಿ, ನಿಮ್ಮ ನಡಿಗೆಗಲ್ಲ.